ಪೂರ್ತಿನಾ, ಒಸಿನಾ?

ನನ್ನ ಕೋಣೆಗೆ ಕಿಟಕಿ ಇಲ್ಲ. ಮೊದಲು ಅಲ್ಲಿ ಒಗೆದ ಹಾಸಿಗೆ ಬಟ್ಟೆಗಳನ್ನು ಜೋಡಿಸಿಡುತ್ತಿದ್ದರು. ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಕುಳಿತರೆ ಈಗಲೂ ಸೋಪಿನ ಪುಡಿಯ ವಾಸನೆ ಏಳುತ್ತದೆ. ಒಂದು ಮೇಜು, ಮೂರು ಕುರ್ಚಿ, ಗೋಡೆಗೆ ಸಿಕ್ಕಿಸಿದ ಒಂದು ಫ್ಯಾನು. ತಮಿಳುನಾಡಿನ ಗಡಿಯಲ್ಲಿರುವ ಹೊಸೂರಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ನಾನು ಕೆಲಸ ಮಾಡುವ ಜಾಗ ಇದು. ಚಿಕಿತ್ಸೆಗೆ ಒಂದಕ್ಕಿಂತ ಹೆಚ್ಚು ದಾರಿ ಇರುವ ರೋಗಿಗಳನ್ನು ವೈದ್ಯರು ಇಲ್ಲಿಗೆ ಕಳುಹಿಸುತ್ತಾರೆ. ನಾನು ಚಿತ್ರದ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, ಪ್ರತಿಯೊಂದು ದಾರಿಯಲ್ಲೂ ಏನು ಸಿಗುತ್ತದೆ, ಏನು ಕಷ್ಟವಿದೆ ಎಂದು ವಿವರಿಸುತ್ತೇನೆ. ಯಾವುದು ಬೇಕೆಂದು ಅವರು ಯೋಚಿಸಿ ಹೇಳಬೇಕು. ನನ್ನ ಅಭಿಪ್ರಾಯವನ್ನು ನಾನು ಹೇಳುವಂತಿಲ್ಲ. ತರಬೇತಿಯಲ್ಲಿ ಮೊದಲು ಕಲಿಸಿದ್ದೇ ಅದು: ಮಾತಿನಲ್ಲೂ ಬೇಡ, ಮುಖದಲ್ಲೂ ಬೇಡ.

ರಾಗಿ ತೆನೆ ಬಲಿಯುತ್ತಿದ್ದ ದಿನಗಳಲ್ಲಿ ಕಾಡಿನಂಚಿನ ಜವಳಗಿರಿ ಕಡೆಯಿಂದ ಒಬ್ಬ ಹೆಂಗಸು ಗಂಡನ ಜೊತೆ ಬಂದರು. ಐವತ್ತರ ಆಸುಪಾಸು. ಎಡ ಸ್ತನದಲ್ಲಿ ಗಂಟು, ಆರಂಭದ ಹಂತ. ತುರುಬು ದೊಡ್ಡದು, ಅದಕ್ಕೆ ಕನಕಾಂಬರ. ಗಂಡ ಮೊದಲು ಕುಳಿತು, ಹೆಂಡತಿಗೆ ಪಕ್ಕದ ಕುರ್ಚಿ ತೋರಿಸಿದರು.

ನಾನು ಎರಡು ಕಾರ್ಡುಗಳನ್ನು ಇಟ್ಟೆ. ಒಂದರಲ್ಲಿ ಸ್ತನವನ್ನು ಪೂರ್ತಿಯಾಗಿ ತೆಗೆಯುವುದು. ಅವರ ಸ್ಥಿತಿಯಲ್ಲಿ ಆಮೇಲೆ ರೇಡಿಯೇಷನ್ ಬೇಕಾಗುವ ಸಂಭವ ಕಡಿಮೆ. ಇನ್ನೊಂದರಲ್ಲಿ ಗಂಟನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆಯುವುದು. ಆದರೆ ಆಮೇಲೆ ಕೆಲವು ವಾರ ದಿನಾ ಆಸ್ಪತ್ರೆಗೆ ಬಂದು ರೇಡಿಯೇಷನ್ ತೆಗೆದುಕೊಳ್ಳಲೇಬೇಕು. ಕಾರ್ಡಿನ ಕೆಳಗೆ ಸಾಲು ಸಾಲಾಗಿ ಚುಕ್ಕಿಗಳಿವೆ. ಎರಡೂ ಕಾರ್ಡುಗಳಲ್ಲಿ ಬಣ್ಣ ತುಂಬಿದ ಚುಕ್ಕಿಗಳು ಸಮ. ಅಂದರೆ ಯಾವ ದಾರಿ ಹಿಡಿದರೂ ಬದುಕಿ ಉಳಿಯುವ ಸಾಧ್ಯತೆ ಒಂದೇ. ಅದೇ ಜಾಗದಲ್ಲಿ ಗಂಟು ಮತ್ತೆ ಕಾಣಿಸಿಕೊಳ್ಳುವ ಸಾಧ್ಯತೆ ಎರಡನೆಯದರಲ್ಲಿ ಸ್ವಲ್ಪ ಹೆಚ್ಚು.

"ರೇಡಿಯೇಷನ್ ಅಂದ್ರೆ ಕರೆಂಟ್ ಕೊಡೋದಲ್ವಾ?" ಎಂದರು ಯಜಮಾನರು.

"ಎಲ್ಲರೂ ಹಾಗಂತಾರೆ. ಕರೆಂಟ್ ಅಲ್ಲ, ನೋವಾಗಲ್ಲ. ಆದರೆ ಒಂದು ದಿನವೂ ಬಿಡಬಾರದು."

"ದಿನಾ ಹೆಂಗಮ್ಮ ಬರಾದು? ಆನೆ ರೋಡಿಗೆ ಇಳಿದ್ರೆ ಬಸ್ಸೇ ಬಿಡಾಕಿಲ್ಲ. ಅದೆಲ್ಲ ಬುಡಿ. ನೀವೇ ಹೇಳ್ಬುಡಿ. ನಿಮ್ಮ ತಾಯಿಗೆ ಹಿಂಗಾಗಿದ್ರೆ ಯಾವ್ದು ಮಾಡಿಸ್ತಿದ್ರಿ?"

ಈ ಪ್ರಶ್ನೆ ಹೆಚ್ಚುಕಡಿಮೆ ಎಲ್ಲರೂ ಕೇಳುತ್ತಾರೆ. ಕಲಿಸಿದ ಉತ್ತರವನ್ನು ಹೇಳಿದೆ: ನನ್ನ ತಾಯಿಯ ಬದುಕು ಬೇರೆ, ಇವರ ಬದುಕು ಬೇರೆ. ಯಜಮಾನರು ಹೆಂಡತಿಯ ಕಡೆ ತಿರುಗಿ, "ನೋಡ್ದಾ, ಓದ್ದೋರು ಸಿಕ್ಕಾಕ್ಕೊಳಾಕಿಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸಿಕ್ಕಿಹಾಕಿಕೊಂಡೇ ಇದ್ದೆ.

ಆಕೆ ಅಷ್ಟು ಹೊತ್ತೂ ಚುಕ್ಕಿಗಳನ್ನು ನೋಡುತ್ತ ಕುಳಿತಿದ್ದರು. ಕೊನೆಗೆ ಒಂದೇ ಮಾತು ಕೇಳಿದರು. "ಕೂದ್ಲು ಎರಡ್ರಾಗೂ ಉದುರ್ತದಾ?"

ಈ ಎರಡರಿಂದಲೂ ಕೂದಲು ಉದುರುವುದಿಲ್ಲ. ಆಪರೇಷನ್ ಆದಮೇಲೆ ಬರುವ ವರದಿ ನೋಡಿ ವೈದ್ಯರು ಬೇರೆ ಔಷಧಿ ಕೊಟ್ಟರೆ ಉದುರಬಹುದು, ಅದು ಈಗಲೇ ಗೊತ್ತಾಗುವುದಿಲ್ಲ ಎಂದೆ. ಆಕೆ ತುರುಬನ್ನೊಮ್ಮೆ ಮುಟ್ಟಿಕೊಂಡರು.

ನಮ್ಮಲ್ಲಿ ಒಂದೇ ಸಲಕ್ಕೆ ತೀರ್ಮಾನ ಕೇಳುವುದಿಲ್ಲ. ಮನೆಗೆ ಹೋಗಿ ಯೋಚಿಸಿ ವಾರ ಬಿಟ್ಟು ಬರಲು ಹೇಳುತ್ತೇವೆ. ಆ ವಾರ ಅವರು ಬರಲಿಲ್ಲ. ಕಾಡಿನಂಚಿನ ರಸ್ತೆಗೆ ಆನೆಗಳು ಇಳಿದಿದ್ದರಿಂದ ಬಸ್ಸು ನಿಂತಿದೆ ಎಂದು ಯಜಮಾನರು ಫೋನ್ ಮಾಡಿ ತಿಳಿಸಿದರು. ನಮ್ಮ ಶಸ್ತ್ರಚಿಕಿತ್ಸಕರು ಬೇರೆ ಊರುಗಳಿಗೂ ಹೋಗುವವರು. ಅವರ ಮುಂದಿನ ಸರದಿಯ ಪಟ್ಟಿ ತುಂಬುತ್ತಾ ಬಂದಿತ್ತು. ಹೆಸರು ಸೇರಿಸಬೇಕಾದರೆ ಯಾವ ಆಪರೇಷನ್ ಎಂದು ಹೇಳಬೇಕು. ಅಂಥ ಸಂದರ್ಭದಲ್ಲಿ ಫೋನಿನಲ್ಲಿ ಕೇಳುವ ವಾಡಿಕೆ ಇದೆ. ಫೋನ್ ಮಾಡುವುದು ವಾರ್ಡಿನ ಹಿರಿಯ ಸಿಸ್ಟರ್ ಕೆಲಸ. ಅವರು ಕೃಷ್ಣಗಿರಿಯ ಆಚೆಯವರು, ತಮಿಳು ಮನೆಮಾತು. ಕನ್ನಡ ಅರ್ಥವಾಗುತ್ತದೆ, ಆದರೆ ಫೋನ್ ಕೈಗೆ ಬಂದರೆ ತಮಿಳೇ ಬರುತ್ತದೆ. ಈ ಭಾಗದಲ್ಲಿ ಅದು ಯಾರಿಗೂ ತೊಂದರೆ ಅನ್ನಿಸುವುದಿಲ್ಲ. ಕನ್ನಡದವರೂ ತೆಲುಗಿನವರೂ ತಮಿಳಿನಲ್ಲೇ ಉತ್ತರ ಕೊಡುತ್ತಾರೆ.

ಸಿಸ್ಟರ್ ಫೋನ್ ಮಾಡಿದಾಗ ನಾನು ಎದುರಿಗೇ ಇದ್ದೆ. ಫೋನ್ ಎತ್ತಿದ್ದು ಆಕೆಯೇ.

"ಮುಡಿವು ಎಡುತ್ತಾಚ್ಚಾಮ್ಮಾ?" ಎಂದು ಸಿಸ್ಟರ್ ಕೇಳಿದರು. ತೀರ್ಮಾನ ಆಯಿತಾ ಎಂದು. ಸಿಗ್ನಲ್ ಸರಿ ಇರಲಿಲ್ಲ. ಇನ್ನೊಂದು ಸಲ ಜೋರಾಗಿ ಕೇಳಿದರು. ಆಮೇಲೆ, "ಮುಳುಸಾವಾ, ಕೊಂಜಮಾವಾ?" ಪೂರ್ತಿಯೋ, ಸ್ವಲ್ಪವೋ. "ಮುಳುಸಾವಾ? ಸರಿಮ್ಮಾ, ನಲ್ಲದು." ಪೂರ್ತಿಯಾ, ಸರಿ, ಒಳ್ಳೆಯದು. ಫೋನ್ ಇಟ್ಟು ನನಗೆ ಹೇಳಿದರು, "ಪೂರ್ತಿ ತೆಗೀಬೇಕಂತೆ. ಧೈರ್ಯದ ಹೆಂಗಸಮ್ಮಾ. ಯೋಚನೆನೇ ಮಾಡಲಿಲ್ಲ, ಟಕ್ ಅಂತ ಹೇಳಿಬಿಟ್ಟಳು."

ಪಟ್ಟಿಯಲ್ಲಿ ಹೆಸರು ಬಿತ್ತು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಅವರು ದಾಖಲಾದರು. ಒಪ್ಪಿಗೆ ಪತ್ರ ತಮಿಳಿನದು. ಆಕೆ ಕನ್ನಡದಲ್ಲಿ ಸಹಿ ಹಾಕಿದ್ದರು. ಎಲ್ಲ ಮುಗಿದ ಮೇಲೆ ನಾನು ಒಂದು ಕೊನೆಯ ಪರೀಕ್ಷೆ ಮಾಡಬೇಕು. ನಾಳೆ ಏನು ಮಾಡುತ್ತಾರೆ ಎಂಬುದನ್ನು ರೋಗಿ ತಮ್ಮ ಮಾತಿನಲ್ಲಿ ನನಗೆ ಹೇಳಬೇಕು. ಸಾಮಾನ್ಯವಾಗಿ ಎರಡು ನಿಮಿಷದ ಕೆಲಸ.

ಅದೇ ಕೋಣೆ, ಅದೇ ಮೂರು ಕುರ್ಚಿ. ಈ ಸಲ ಆಕೆ ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡಿದ್ದರು. ಯಜಮಾನರು ಮುಖ ಊದಿಸಿಕೊಂಡಿದ್ದರು. ಅವರು ಕುರ್ಚಿಯನ್ನು ಒಂದು ಅಡಿ ಆಚೆ ಎಳೆದುಕೊಂಡು ಗೋಡೆ ನೋಡುತ್ತ ಕುಳಿತರು.

"ನಾಳೆ ಏನು ಮಾಡ್ತಾರೆ, ನೀವೇ ಹೇಳಿ" ಎಂದೆ.

"ಗಂಟು ತೆಗೀತಾರೆ."

"ಗಂಟು ಮಾತ್ರನಾ?"

"ಅದ್ ನನಗೇನ್ ಗೊತ್ತು ಕಣಮ್ಮ? ಎಷ್ಟು ತೆಗೀಬೇಕು ಅಂತ ನೀವೆಲ್ಲ ಸೇರಿ ತೀರ್ಮಾನ ಮಾಡಿದೀರಲ್ಲ."

ಯಜಮಾನರು ತಿರುಗಿದರು. "ಲೇ, ಆಟ ಕಟ್ಟಬ್ಯಾಡ. ಪೂರ್ತಿ ತೆಗ್ದುಬುಡಿ ಅಂತ ನೀನೇ ಹೇಳ್ದಂತಲ್ಲ! ಬರೋ ದಿನ ತಿಳಿಸಾಕೆ ಸಿಸ್ಟರಮ್ಮ ನಂಗೆ ಫೋನ್ ಮಾಡ್ದಾಗ್ಲೇ ಹೇಳಿದ್ರು. ಕಟ್ಕೊಂಡೋನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ನಿಲ್ಲ ನಿಂಗೆ."

"ನಾನ್ಯಾವಾಗ ಹೇಳ್ದೆ?"

"ಫೋನಲ್ಲಿ!"

"ಫೋನಲ್ಲಿ ಅದ್ಯಾಕೆ ಹೇಳ್ಲಿ? ಆವಮ್ಮ ಕೇಳಿದ್ದೇ ಬ್ಯಾರೆ."

ಏನು ಕೇಳಿದರು ಎಂದು ನಾನು ವಿಚಾರಿಸಿದೆ. ನನ್ನ ಧ್ವನಿ ಸಹಜವಾಗಿಯೇ ಇತ್ತು ಎಂದುಕೊಂಡಿದ್ದೇನೆ.

"ಮುಡಿ ಎತ್ತಾಯ್ತಾ ಅಂದ್ಲು. ಎತ್ತಾಯ್ತು ಅಂದೆ. ಪೂರ್ತಿನಾ, ಒಸಿನಾ ಅಂದ್ಲು. ಪೂರ್ತಿ ಅಂದೆ. ಅವತ್ತು ನಾನು ಕೂದ್ಲು ವಿಚಾರ ಕೇಳಿದ್ನಲ್ಲ, ನೀನು ಆವಮ್ಮಂಗೆ ಹೇಳಿರ್ತೀಯ ಅಂದ್ಕೊಂಡೆ. ಎಷ್ಟು ಚೆನ್ನಾಗಿ ವಿಚಾರಿಸ್ಕೊಂತಾರೆ ಈ ಆಸ್ಪತ್ರೇಲಿ ಅಂತ ನಮ್ಮ ಓರಗಿತ್ತಿ ಹತ್ರಾನೂ ಹೇಳ್ದೆ."

ಆಕೆ ಸೆರಗು ಸರಿಸಿದರು. ತಲೆ ನುಣ್ಣಗೆ ಬೋಳಾಗಿತ್ತು. ಒಣಗಿದ ಗಂಧ ಕಿವಿಯ ಹಿಂದೆ ಇನ್ನೂ ಉಳಿದಿತ್ತು.

ತಮಿಳಿನಲ್ಲಿ ಮುಡಿ ಎಂದರೆ ಕೂದಲು, ಮುಡಿವು ಎಂದರೆ ತೀರ್ಮಾನ. ಎರಡಕ್ಕೂ ಸೇರುವ ಕ್ರಿಯಾಪದ ಒಂದೇ: ತೀರ್ಮಾನ ತೆಗೆದುಕೊಳ್ಳುವುದಕ್ಕೂ ಅದೇ, ತಲೆ ಬೋಳಿಸುವುದಕ್ಕೂ ಅದೇ. ಕಾಡಿನ ಕಡೆಯ ಸಿಗ್ನಲ್ಲಿನಲ್ಲಿ ಕೊನೆಯ ಅಕ್ಷರ ಬಿದ್ದುಹೋಗಿತ್ತು. ಪೂರ್ತಿಯೋ ಸ್ವಲ್ಪವೋ ಎಂಬ ಪ್ರಶ್ನೆಯಾದರೂ ಆಕೆಯನ್ನು ತಡೆಯಬಹುದಿತ್ತು. ಆದರೆ ನಮ್ಮ ಕಡೆ ಹರಕೆ ತೀರಿಸುವ ಹೆಂಗಸರು ಕೆಲವರು ಪೂರ್ತಿ ಮುಡಿ ಕೊಡುತ್ತಾರೆ, ಕೆಲವರು ಹೂಮುಡಿ ಎಂದು ನಾಲ್ಕು ಎಳೆ ಕತ್ತರಿಸಿ ಕೊಡುತ್ತಾರೆ. ಪೂರ್ತಿನಾ ಒಸಿನಾ ಎಂದು ಯಾರು ಬೇಕಾದರೂ ಕೇಳುವ ಪ್ರಶ್ನೆ ಅದು.

ಹೀಗೆ, ಆಕೆ ಹೇಳಿದ್ದಾರೆಂದು ಆಸ್ಪತ್ರೆ ನಂಬಿತ್ತು. ಆಸ್ಪತ್ರೆ ತೀರ್ಮಾನಿಸಿದೆಯೆಂದು ಆಕೆ ನಂಬಿದ್ದರು. ಹೆಂಡತಿ ತನ್ನನ್ನು ಬಿಟ್ಟು ನಿರ್ಧರಿಸಿದಳೆಂದು ಗಂಡ ಮುನಿಸಿಕೊಂಡಿದ್ದರು. ಯಾರೂ ನಿರ್ಧರಿಸದ ಒಂದು ಆಪರೇಷನ್ ಮರುದಿನ ಬೆಳಗಿನ ಪಟ್ಟಿಯಲ್ಲಿ ಮೊದಲನೆಯದಾಗಿತ್ತು.

ನಾನು ಶಸ್ತ್ರಚಿಕಿತ್ಸಕರ ಕೋಣೆಗೆ ಹೋದೆ. ಅವರು ಒಳ್ಳೆಯ ವೈದ್ಯರು, ಆತುರದ ಮನುಷ್ಯರಲ್ಲ. ಎಲ್ಲವನ್ನೂ ಕೇಳಿಸಿಕೊಂಡು ತಮಿಳಿನಲ್ಲಿ ಹೇಳಿದರು: ಎರಡರಲ್ಲಿ ಯಾವುದು ಮಾಡಿದರೂ ವೈದ್ಯಕೀಯವಾಗಿ ತಪ್ಪಿಲ್ಲ. ಅವರು ಇರುವ ಊರಿಗೆ ಪೂರ್ತಿ ತೆಗೆಯುವುದೇ ಸಲೀಸು, ದಿನಾ ಓಡಾಡುವುದು ತಪ್ಪುತ್ತದೆ. ಈಗ ಹೋಗಿ ಮತ್ತೆ ಕೆದಕಿದರೆ ಹೆದರಿ ಮನೆಗೆ ಹೋಗಿಬಿಡುತ್ತಾರೆ. ಹಾಗೆ ಹೋದವರು ಯಾವ ಸ್ಥಿತಿಯಲ್ಲಿ ವಾಪಸು ಬರುತ್ತಾರೆ ಎಂದು ನೀನು ನೋಡಿದ್ದೀಯ.

ನೋಡಿದ್ದೆ. ಫೈಲ್ ಎತ್ತಿಕೊಂಡು ಹೊರಗೆ ಬಂದೆ.

ವಾರ್ಡಿಗೂ ನನ್ನ ಕೋಣೆಗೂ ನಡುವೆ ಒಂದು ಉದ್ದನೆಯ ಓಣಿ ಇದೆ. ಅಲ್ಲಿ ಸ್ಟ್ರೆಚರುಗಳನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿರುತ್ತಾರೆ. ನಾನು ಅವುಗಳ ಮಧ್ಯೆ ನಿಂತೆ. ಸುಮ್ಮನಿದ್ದರೆ ಯಾರಿಗೂ ತೊಂದರೆ ಇಲ್ಲ. ಆಕೆ ಸಹಿ ಹಾಕಿದ್ದಾರೆ, ಬೇಡ ಎಂದೂ ಹೇಳಿಲ್ಲ. ಮಾತೆತ್ತಿದರೆ ಸಿಸ್ಟರ್ ತಪ್ಪು ಮಾಡಿದರೆಂದು ಬರೆದಂತಾಗುತ್ತದೆ. ಅವರು ನನಗೆ ಕೆಲಸ ಕಲಿಸಿದವರು, ದಿನಾ ಮಧ್ಯಾಹ್ನ ತಮ್ಮ ಡಬ್ಬಿಯಿಂದ ನನಗೊಂದು ಪಾಲು ಎತ್ತಿಡುವವರು. ಆಕೆ ಹೆದರಿ ಹೊರಟುಹೋದರೆ ಅದರ ಹೊಣೆ ಪೂರ್ತಿ ನನ್ನದು. ಯಾವ ಕಡೆ ತಿರುಗಿದರೂ ಸ್ಟ್ರೆಚರಿನ ಕಬ್ಬಿಣ ತಾಗುತ್ತಿತ್ತು.

ಪಟ್ಟಿ ಬದಲಿಸುವ ಅಧಿಕಾರ ನನಗಿಲ್ಲ. ನನ್ನ ಕೈಯಲ್ಲಿರುವುದು ರೋಗಿಯ ಫೈಲಿನಲ್ಲಿ ಒಂದು ಸಾಲು ಬರೆಯುವುದು. ಅದನ್ನು ಬರೆದರೆ, ವೈದ್ಯರು ಮತ್ತೆ ರೋಗಿಯ ಜೊತೆ ಮಾತಾಡಿ ಸಹಿ ಪಡೆಯುವವರೆಗೂ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗುವಂತಿಲ್ಲ. ನಾನು ಆವರೆಗೆ ಯಾರ ಫೈಲಿನಲ್ಲೂ ಅದನ್ನು ಬರೆದಿರಲಿಲ್ಲ. ಅಲ್ಲೇ ಸ್ಟ್ರೆಚರಿನ ಮೇಲೆ ಫೈಲ್ ಇಟ್ಟು ಬರೆದೆ: "ಯಾವ ಶಸ್ತ್ರಚಿಕಿತ್ಸೆ ಎಂಬುದನ್ನು ರೋಗಿ ತಾವಾಗಿ ಆರಿಸಿಕೊಂಡಿಲ್ಲ. ಮತ್ತೆ ವಿವರಿಸಬೇಕು." ಸಹಿ ಹಾಕಿ ತಿರುಗಿ ವೈದ್ಯರ ಮೇಜಿಗೇ ಒಯ್ದೆ.

ಅವರು ಓದಿದರು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಸಂಜೆ ರೌಂಡ್ಸಿಗೆ ಬಂದಾಗ ಉತ್ತರ ಸಿದ್ಧವಾಗಿರಬೇಕು. ಇಲ್ಲದಿದ್ದರೆ ಅವರ ಜಾಗಕ್ಕೆ ಇನ್ನೊಬ್ಬರನ್ನು ಹಾಕಬೇಕಾಗುತ್ತದೆ" ಎಂದರು.

ಸಿಸ್ಟರಿಗೆ ಹೇಳಿದಾಗ ಅವರು ಮೊದಲು ನಕ್ಕೇಬಿಟ್ಟರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಿಂತರು. "ಕಡವುಳೇ, ದೇವರೇ. ಮೊಟ್ಟೆ ಅಡಿಚ್ಚಾಚ್ಚಾ, ತಲೆ ಬೋಳಿಸಿ ಆಯ್ತಾ ಅಂತ ನಾನು ಕೇಳಿದೆ ಅಂದ್ಕೊಂಡಳಾ? ಅದಕ್ಕೆ ನಾನು 'ನಲ್ಲದು' ಬೇರೆ ಅಂದೆ!" ಒಂದು ಕ್ಷಣ ಬಿಟ್ಟು, "ಬಾಮ್ಮಾ, ನಾನೂ ಬರ್ತೀನಿ" ಎಂದರು.

ಕೋಣೆಯಲ್ಲಿ ಯಜಮಾನರು ಫೋನಿನಲ್ಲಿದ್ದರು. ಊರಿನಲ್ಲಿದ್ದ ತಮ್ಮನಿಗೆ, "ಇಲ್ಲ ಕಣ್ಲಾ, ಇನ್ನೂ ಏನೂ ಗೊತ್ತಿಲ್ಲ. ನೀನು ಅಟ್ಟಣೆ ಬುಟ್ಟು ಇಳೀಬ್ಯಾಡ, ನಿನ್ನೆ ಬಂದಿದ್ ಆನೆ ಗುಂಪು ಅಲ್ಲೇ ಅದೆ" ಎನ್ನುತ್ತಿದ್ದರು. ರಾಗಿ ಹೊಲ ಕಾಯುವವರು ಮರದ ಮೇಲೆ ಕಟ್ಟಿಕೊಳ್ಳುವ ಅಟ್ಟಣೆ. ಸಿಸ್ಟರ್ ಅವರಿಗೆ ಕೈಮುಗಿದು, ನಡೆದದ್ದನ್ನು ತಮ್ಮ ಅರ್ಧ ಕನ್ನಡದಲ್ಲಿ ತಾವೇ ಹೇಳಿದರು. ಯಜಮಾನರು ಬಹಳ ಹೊತ್ತು ಹೆಂಡತಿಯ ಬೋಳು ತಲೆಯನ್ನೇ ನೋಡಿದರು. ಅವರಿಗೆ ನಿರಾಳವಾಯಿತೆಂದು ಕಾಣುತ್ತದೆ. "ಅಂದ್ರೆ ನನ್ನ ಬುಟ್ಟು ನೀನೇನೂ ಹೇಳಿಲ್ಲ" ಎಂದರು.

"ಮೂರ್ ದಿನದಿಂದ ಮಾತು ಬುಟ್ಟಿದ್ದು ಇದಕ್ಕಾ?" ಎಂದರು ಆಕೆ.

ಯಜಮಾನರಿಗೆ ಟೀ ಕುಡಿಸಿಕೊಂಡು ಬರಲು ಸಿಸ್ಟರನ್ನು ಕೇಳಿಕೊಂಡೆ. ಬಾಗಿಲು ಮುಚ್ಚಿದ ಮೇಲೆ ಕಾರ್ಡುಗಳನ್ನು ಮತ್ತೆ ಹರಡಿದೆ. ಕನ್ನಡ ಕಾರ್ಡಿನಲ್ಲಿ ಮೇಲುಗಡೆ "ನಿಮ್ಮ ಆಯ್ಕೆ" ಎಂದು ಅಚ್ಚಾಗಿದೆ. ಆಕೆ ಅದನ್ನು ಓದಿದರು, ಓದಿ ಪಕ್ಕಕ್ಕೆ ಸರಿಸಿದರು. ಆ ಪದ ಅವರದಲ್ಲ ಎಂದು ನನಗೂ ಆಗ ತಿಳಿಯಿತು. ಎರಡು ಕಾರ್ಡುಗಳನ್ನೂ ಬೋರಲು ಹಾಕಿ, ಎರಡು ಕೈಗಳನ್ನು ಅವುಗಳ ಮೇಲಿಟ್ಟು ಕೇಳಿದೆ. "ಇದು ಆದರೆ ಪೂರ್ತಿ ಹೋಗುತ್ತೆ, ಓಡಾಟ ಕಮ್ಮಿ. ಇದು ಆದರೆ ಎದೆ ಉಳಿಯುತ್ತೆ, ದಿನಾ ಓಡಾಡಬೇಕು. ಯಾವುದನ್ನ ನೀವು ತಡಕೊಂತೀರ?"

"ನೀನೇ ಹೇಳು ತಾಯಿ."

"ನಾನು ಹೇಳೋ ಹಾಗಿಲ್ಲ."

"ನಿನ್ನ ಬಾಯಿಗೂ ಬೀಗ ಹಾಕವ್ರಾ?" ಎಂದು ಆಕೆ ನಕ್ಕರು. "ಅಲ್ಲಿ ನೋಡಿದ್ರೆ ನಮ್ಮ ಯಜಮಾನ್ರು ಮಾತಾಡಲ್ಲ. ಇಲ್ಲಿ ನೋಡಿದ್ರೆ ನೀನು ಮಾತಾಡಲ್ಲ."

ತರಬೇತಿಯಲ್ಲಿ ಮೌನವನ್ನು ತುಂಬಬಾರದು ಎಂದು ಕಲಿಸಿದ್ದರು. ನಾನು ತುಂಬಲಿಲ್ಲ. ಆದರೆ ರೌಂಡ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಆಕೆ ಎದ್ದು ಹೊರಟುಬಿಡುತ್ತಾರೇನೋ ಎಂದು ನನ್ನ ಕಣ್ಣು ಬಾಗಿಲಿನ ಕಡೆಗೇ ಇತ್ತು.

ಆಕೆ ಅಂಗೈಯಿಂದ ತಲೆ ಸವರಿಕೊಂಡರು. "ನಮ್ಮ ಓರಗಿತ್ತಿ ಹೇಳಿದ್ಲು, ಈ ಕಾಯಿಲೆ ಬಂದೋರಿಗೆ ಕೂದ್ಲು ಉದುರೋಯ್ತದೆ, ಸುಮ್ನೆ ಯಾಕೆ ಹರಕೆ ಹೊತ್ಕೊಂತೀಯ ಅಂತ. ಅದಕ್ಕೇ ಮುಂಚೆನೇ ಹೋಗಿ ಕೊಟ್ಬುಟ್ಟೆ. ಉದುರಿದ್ದು ಕೊಟ್ಟಂಗಾಯ್ತದಾ? ನಾನು ಕೊಡ್ತೀನಿ ಅಂತ ಅಂದಿದ್ದೆ, ಕೊಟ್ಟೆ."

ನಾನು ತಲೆಯಾಡಿಸಿದೆ.

ಆಕೆ ಸೆರಗಿನ ಮೇಲಿಂದಲೇ ಎಡ ಎದೆಯ ಮೇಲೆ ಕೈ ಇಟ್ಟುಕೊಂಡರು. "ಇದನ್ನ ಕೊಡ್ತೀನಿ ಅಂತ ನಾನು ಯಾರ ತಾವೂ ಅಂದಿಲ್ಲ."

"ಹಾಗಾದರೆ?"

"ಗಂಟು ತಗೊಂಡೋಗ್ಲಿ. ಅದು ನಂದಲ್ಲ."

ನಾನು ತಕ್ಷಣ ಬರೆದುಕೊಳ್ಳಲಿಲ್ಲ. ಹೇಳಬೇಕಾದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ರೇಡಿಯೇಷನ್ ತಪ್ಪಿಸಿದರೆ ಈ ದಾರಿಗೆ ಅರ್ಥವಿಲ್ಲ. ತೆಗೆದ ಭಾಗದ ಅಂಚಿನಲ್ಲಿ ಕಾಯಿಲೆ ಕಂಡರೆ ಮತ್ತೊಂದು ಆಪರೇಷನ್ ಬೇಕಾಗಬಹುದು, ಆಗ ಪೂರ್ತಿ ತೆಗೆಯಬೇಕಾಗಲೂಬಹುದು. ಮುಂದೆ ಪ್ರತಿ ವರ್ಷ ಪರೀಕ್ಷೆ. ಆಕೆ ಪ್ರತಿಯೊಂದನ್ನೂ ತಮ್ಮ ಮಾತಿನಲ್ಲಿ ತಿರುಗಿ ಹೇಳಿದರು. ಒಂದೂ ತಪ್ಪಲಿಲ್ಲ. "ನನ್ನ ತಂಗಿ ಬಾಗಲೂರಾಗವಳೆ. ಅವಳ ಮನೇಲಿ ಇದ್ಕೊಂಡು ಬತ್ತೀನಿ. ಅಲ್ಲಿ ಆನೆ ಇಲ್ಲ, ಫ್ಯಾಕ್ಟ್ರಿ ಬಸ್ಸು ಐತೆ" ಎಂದರು. ಇದನ್ನು ಆಕೆ ಮೊದಲೇ ಯೋಚಿಸಿಟ್ಟಿದ್ದರು. ಅದನ್ನು ಅವರಿಂದ ಈವರೆಗೆ ಯಾರೂ ಕೇಳಿರಲಿಲ್ಲ.

ಯಜಮಾನರು ಟೀ ಕುಡಿದು ಬಂದವರೇ, "ವಾರಗಟ್ಲೆ ಬಾಗಲೂರಾಗಿದ್ರೆ ಹೊಲ ಯಾರು ಕಾಯ್ತಾರೆ? ಅಡಿಗೆ?" ಎಂದರು.

"ನೀವೇ ಕಾಯ್ರಿ. ಆನೆ ಬಂದ್ರೆ ಫೋನ್ ಮಾಡ್ರಿ. ಏನ್ ಕೇಳಿದ್ರೂ ಪೂರ್ತಿ ಅಂತೀನಿ."

ಸಿಸ್ಟರ್ ಬಾಗಿಲಿಗೆ ಒರಗಿಕೊಂಡು ನಕ್ಕರು. ಯಜಮಾನರು ನಗಬಾರದೆಂದು ಪ್ರಯತ್ನಿಸಿದರು, ಆಗಲಿಲ್ಲ. ಆದರೂ ಅವರ ಕೈ ಕುರ್ಚಿಯ ಅಂಚನ್ನು ಬಿಟ್ಟಿರಲಿಲ್ಲ.

ರೌಂಡ್ಸಿಗೆ ಬಂದ ವೈದ್ಯರು ಆಕೆಯ ಮಂಚದ ಬಳಿ ನಿಂತರು. ಅವರಿಗೆ ಕನ್ನಡ ಬರುವುದಿಲ್ಲ. ತೀರ್ಮಾನಕ್ಕೆ ಆ ತಮಿಳು ಪದ ಬಿಟ್ಟು ಬೇರೆ ಪದವೂ ಅವರಿಗೆ ಹೊಳೆದಿರಲಿಕ್ಕಿಲ್ಲ. "ಮುಡಿವು ಎಡುತ್ತಾಚ್ಚಾಮ್ಮಾ?" ಎಂದು ಕೇಳಿದರು.

ಸಿಸ್ಟರ್ ನನ್ನ ಮೊಣಕೈ ಹಿಡಿದುಕೊಂಡರು.

ಆಕೆ ತಲೆಯ ಮೇಲೆ ಕೈ ಇಟ್ಟು, "ಮುಡಿ ಅಪ್ಪವೇ ಎಡುತ್ತಾಚ್ಚು" ಎಂದರು. ಕೂದಲು ಆಗಲೇ ಆಯಿತು. ಆಮೇಲೆ ಆ ಕೈಯನ್ನು ಕೆಳಗಿಳಿಸಿ, ಅಕ್ಷರ ಬಿಡಿಸಿ ಹೇಳಿದರು. "ಮುಡಿ-ವು ಇಪ್ಪೊ. ಕಟ್ಟಿ ಮಟ್ಟುಂ." ತೀರ್ಮಾನ ಈಗ. ಗಂಟು ಮಾತ್ರ.

ವೈದ್ಯರು ಯಾಕೆಂದು ನನ್ನನ್ನು ಕೇಳಿದರು. ನಮ್ಮ ನಮೂನೆಯಲ್ಲಿ ಕಾರಣಕ್ಕೊಂದು ಸಾಲಿದೆ: ಶರೀರದ ರೂಪ, ಓಡಾಟದ ಅನುಕೂಲ, ಮರುಕಳಿಸುವ ಭಯ, ಕುಟುಂಬದ ಅಭಿಪ್ರಾಯ. ಆಕೆಯ ಕಾರಣ ಯಾವುದರಲ್ಲೂ ಕೂರಲಿಲ್ಲ. "ಕೊಡುತ್ತೇನೆಂದು ಅವರು ಹೇಳಿರಲಿಲ್ಲವಂತೆ" ಎಂದೆ. ವೈದ್ಯರು ಮತ್ತೇನೂ ಕೇಳದೆ ಹೊಸ ಒಪ್ಪಿಗೆ ಪತ್ರ ತರಿಸಿದರು.

ಮರುದಿನದ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಅಂಚಿನ ವರದಿ ಬರುವವರೆಗಿನ ದಿನಗಳನ್ನು ನಾನು ಹೇಗೆ ಕಳೆದೆ ಎಂದು ಯಾರಿಗೂ ಹೇಳಿಲ್ಲ. ನನ್ನ ಮನೆಯೂ ಬಾಗಲೂರಿನಲ್ಲೇ. ಅಲ್ಲಿಂದ ಶಿಫ್ಟಿಗೆ ಹೋಗುವವರ ನಡುವೆ ಬಸ್ಸಿನಲ್ಲಿ ನಿಂತು ಬರುವಾಗಲೂ ಫೈಲಿನಲ್ಲಿ ಬರೆದ ಆ ಒಂದು ಸಾಲು ಕಣ್ಣ ಮುಂದೆ ಇರುತ್ತಿತ್ತು. ಅಂಚಿನಲ್ಲಿ ಕಾಯಿಲೆ ಕಂಡರೆ ಆಕೆ ಮತ್ತೆ ಅದೇ ಮಂಚಕ್ಕೆ ಬರಬೇಕು. ಆಗ ನನ್ನ ಸಾಲಿನಿಂದ ಆಕೆಗೆ ಸಿಕ್ಕಿದ್ದು ಎರಡು ಆಪರೇಷನ್ ಎಂದಾಗುತ್ತದೆ.

ವರದಿ ಬಂತು. ಅಂಚು ಶುದ್ಧವಾಗಿತ್ತು. ಕೂದಲು ಉದುರಿಸುವ ಔಷಧಿಯೂ ಬೇಕಾಗಲಿಲ್ಲ. ಮಾತ್ರೆ ಮತ್ತು ರೇಡಿಯೇಷನ್ ಸಾಕು ಎಂದರು. ಅದನ್ನು ಆಕೆಗೆ ಹೇಳುವಾಗ ನನಗೆ ಸಂಕೋಚವಾಯಿತು. ಉಳಿಯುತ್ತಿದ್ದ ಕೂದಲನ್ನು ಕೊಟ್ಟುಬಿಟ್ಟಿದ್ದರಲ್ಲ.

"ಕೊಟ್ಟಿದ್ದು ಕೊಟ್ಟಾಯ್ತು ಬುಡು" ಎಂದರು.

ರೇಡಿಯೇಷನ್ನಿನ ಕೊನೆಯ ದಿನ ಆಕೆ ನನ್ನ ಕೋಣೆಗೆ ಬಂದರು. ತಂಗಿಯ ಮನೆಯಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ತಲೆ ಬಗ್ಗಿಸಿ ತೋರಿಸಿದರು: ಅರ್ಧ ಬೆರಳು ಉದ್ದ ಕೂದಲು ಬಂದಿತ್ತು, ಅಲ್ಲಲ್ಲಿ ಬೆಳ್ಳಗೆ. ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತರು. "ಈಗ ಎಲ್ಲ ಮುಗೀತಲ್ಲ. ಈಗಲಾದ್ರೂ ಹೇಳು ತಾಯಿ. ನೀನಾಗಿದ್ರೆ ಯಾವ್ದು ಮಾಡಿಸ್ಕೊಂತಿದ್ದೆ?"

ನಾನು ಮೇಜಿನ ಮೇಲಿದ್ದ ಕಾರ್ಡುಗಳ ಅಂಚನ್ನು ಸರಿಮಾಡಿದೆ.

"ಬೀಗ ಇನ್ನೂ ತೆಗ್ದಿಲ್ಲ ಅನ್ನು" ಎಂದು ನಗುತ್ತಾ ಹೊರಟುಹೋದರು.

ಮೊದಲ ದಿನ ಅವರ ಗಂಡ ಕೇಳಿದಾಗಲೇ ನನ್ನ ಉತ್ತರ ಸಿದ್ಧವಿತ್ತು. ಪೂರ್ತಿ.